ಆಲ್ಟೊದ ಎರಡಕ್ಷರ

ಶ್ಟಿ... ಶಿ... ಅಯ್ಯೋ, ಎಂತದು ಮಾರಾಯ್ತಿ ಅದು? ನಾಲಗೆಯ ತುದಿಯಲ್ಲೇ ಉಂಟು. ಆ ನಿನ್ನ ಪ್ರೊಫೆಸರ್ ಕಣ್ಣು ಮುಚ್ಚಿಕೊಂಡು, ಎದೆ ಮೇಲೆ ಕೈ ಇಟ್ಟುಕೊಂಡು, ಎರಡೆರಡು ಸಲ ಹೇಳಿದನಲ್ಲ... ಶ್ಟಿಲ್... ಶಿಳ್... ಬಿಡು, ಬಿಡು. ನನಗೆ ಯಾಕೆ ಜರ್ಮನ್ ಮಾತು, ಈ ಎಂಬತ್ತೆರಡನೇ ವಯಸ್ಸಿನಲ್ಲಿ! ಆ ಬಂಗುಡೆ ಇತ್ತ ತಳ್ಳು. ಐಸು ಬಿಟ್ಟಿದೆಯಾ ನೋಡು ಮೊದಲು.

ನಗುವುದು ಎಂತಕ್ಕೆ? ಹೌದು, ಶಿಳ್ಳೆ ಅಂತಲೇ ಇಟ್ಟುಕೋ. ಅದೇ ಸರಿ. ಇವತ್ತು ನಿಮ್ಮ ಹಾಡು ಮುಗಿದ ಕೂಡಲೇ ಹಿಂದಿನ ಬೆಂಚಿನಲ್ಲಿ ಒಬ್ಬ ಶಿಳ್ಳೆ ಹಾಕಿದನಲ್ಲ! ನಾನು ತಿರುಗಿ ನೋಡಿದೆ. ಗಡ್ಡ ಬಿಟ್ಟ ದೊಡ್ಡ ಮನುಷ್ಯ, ಚರ್ಚಿನೊಳಗೆ, ಎರಡು ಬೆರಳು ಬಾಯಿಗೆ ಹಾಕಿ... ಥೂ! ಕರ್ತನನ್ನು ಗವಿಯಲ್ಲಿ ಮಲಗಿಸುವ ಹಾಡು ಅದು. ಅದಕ್ಕೆ ಚಪ್ಪಾಳೆ! ಶಿಳ್ಳೆ! ಆಮೇಲೆ ಚರ್ಚಿನ ಪಕ್ಕದ ಹಾಲ್‌ನಲ್ಲಿ ಚೀಸು, ದ್ರಾಕ್ಷಿ, ಪ್ಲಾಸ್ಟಿಕ್ ಗ್ಲಾಸಿನಲ್ಲಿ ವೈನು. ಮಣ್ಣು ಮಾಡಿ ಬಂದು ಮದುವೆ ಊಟ ಮಾಡಿದ ಹಾಗೆ. ನನಗೆ ಹೊಟ್ಟೆ ತೊಳಸಿತು, ತೃಪ್ತಿ ಮಗಾ. ಸುಳ್ಳಲ್ಲ. ಜಾರ್ಜ್‌ಟೌನಿನಿಂದ ಸ್ಕಾರ್‌ಬರೋ ಮನೆ ತನಕ ನಿನ್ನ ಕಾರಿನಲ್ಲಿ ನಾನು ಬಾಯಿ ಮುಚ್ಚಿ ಕೂತಿದ್ದೆನಲ್ಲ, ನಿದ್ದೆ ಅಂದುಕೊಂಡೆಯಾ? ವಾಂತಿ ತಡೆದುಕೊಂಡು ಕೂತದ್ದು.

ಸೀರೆಯ ಅಂಚು ನೋಡು. ಪಾರ್ಕಿಂಗಿನ ಹಿಮವೂ ಅದು ಕರಗಲಿಕ್ಕೆ ಎರಚಿದ ಉಪ್ಪೂ ಸೇರಿ ಬೆಳ್ಳಗೆ ಗೆರೆ ಬಿದ್ದಿದೆ. ಒಳ್ಳೇ ಸೀರೆ. ನೀನು ಆಲ್ಟೊ, ಹೆಂಗಸರ ಕೆಳಗಿನ ದನಿ, ಹಾಡುತ್ತೀ ಅಂತ ಉಟ್ಟದ್ದು.

ಕತ್ತರಿ ಕೊಡು. ಚೂರಿ ಬೇಡ, ಚೂರಿಯಲ್ಲಿ ರೆಕ್ಕೆ ತೆಗೆಯಲಿಕ್ಕೆ ನನಗೆ ಈಗ ಕೈ ನಿಲ್ಲುವುದಿಲ್ಲ. ಕೆಳಗೆ ಎಂತಾದರೂ ಹಾಸು... ಹಾಂ, ಚರ್ಚಿನಲ್ಲಿ ಕೈಗೆ ಕೊಟ್ಟ ಆ ಪ್ರೋಗ್ರಾಮು. ಅದೇ. ಹಾಸು ಅಂದೆನಲ್ಲ! ಒಳ್ಳೇ ದಪ್ಪ ಕಾಗದ, ನೀರು ಇಳಿಯುವುದಿಲ್ಲ. ಎಂತ ಬರೆದಿದ್ದಾನೆ ಅದರ ಮೇಲೆ, ಇನ್ನೊಮ್ಮೆ ಓದು. ಕನ್ನಡದಲ್ಲಿ ಹೇಳು, ಅರ್ಥ ಹೇಳು. 'ಲೋಕ ಕಡೆಗಣಿಸಿದ ಸಂಗೀತ... ಇನ್ನೂರು ವರ್ಷ ಯಾರ ಕಿವಿಗೂ ಬೀಳದೆ ಮಲಗಿದ್ದ ಸಂಗೀತ...' ಕೇಳಿದೆಯಾ? ಯಾರ ಕಿವಿಗೂ! ಈ ಕರುಳು ಅಲ್ಲೇ ಬೀಳಲಿ, 'ಯಾರ ಕಿವಿಗೂ' ಅನ್ನುವುದರ ಮೇಲೆ.

ಮೂಗು ಮುಚ್ಚಬೇಡ. ಮೀನಿನ ಹೊಟ್ಟೆಯಲ್ಲಿ ಮೀನಿನದ್ದೇ ಇರುತ್ತದೆ, ಅದಕ್ಕೆ ಹೇಸುವುದು ಎಂತದು?

ಇಲ್ಲ, ನಿನಗೆ ಬೈಯುತ್ತಾ ಇಲ್ಲ. ನಿನ್ನ ಸ್ವರ ಚೆನ್ನಾಗಿದೆ. ಅವನು ಕೊಟ್ಟದ್ದನ್ನು ನೀನು ಹಾಡಿದೆ. ಆದರೆ ಕೊಟ್ಟದ್ದು ಎಂತದು? ಆ ನಿನ್ನ ಪ್ರೊಫೆಸರ್, ಜುಂಬ್ರುನ್ ಅನ್ನುವವನು... ಜುಂಬ್ರುನ್ ತಾನೆ ಅವನ ಹೆಸರು? ಹೆಸರೇ ಹಂಡೆ ಬಿದ್ದ ಹಾಗೆ. ಅವನು ಸ್ವಿಟ್ಜರ್‌ಲ್ಯಾಂಡಿನ ಯಾವುದೋ ಹಳ್ಳಿಗೆ ಹೋದನಂತೆ, ಚರ್ಚಿನ ಅಟ್ಟ ಹತ್ತಿದನಂತೆ, ಪೆಟ್ಟಿಗೆ ತೆರೆದನಂತೆ. ಒಳಗೆ ಶಾಲೆಯ ಮಾಸ್ತರನೊಬ್ಬ ಬರೆದಿಟ್ಟ ಹಾಡು, ಒಂದೊಂದು ದನಿಗೆ ಒಂದೊಂದು ಪುಸ್ತಕ. ಹೆಂಗಸರ ಮೇಲಿನ ದನಿ ಸೊಪ್ರಾನೊ ಉಂಟು, ಗಂಡಸರ ಟೆನರ್ ಉಂಟು, ಬೇಸ್ ಉಂಟು. ಆಲ್ಟೊ ಇಲ್ಲ. ಇಲ್ಲದಿದ್ದರೆ ಇಲ್ಲ ಅಂತ ಬಿಡಬೇಕಲ್ಲ? ಇವನೇ ಕೂತು ಒಂದು ಆಲ್ಟೊ ಹೊಸೆದ! ನೀರು ಮಜ್ಜಿಗೆ. ಉಪ್ಪಿಲ್ಲ, ಹುಳಿ ಇಲ್ಲ. ಎಲ್ಲರೂ ಕೆಳಗೆ ಇಳಿಯುವಾಗ ನೀವು ಆಲ್ಟೊದವರು ಮಾತ್ರ ಬೆಕ್ಕಿನ ಹಾಗೆ ಮೇಲೆ ಹತ್ತಿದಿರಲ್ಲ, ಅಲ್ಲಿ ನಾನು ಬೆಂಚು ಹಿಡಿದುಕೊಂಡೆ. ಅಲ್ಲಿ ಹತ್ತಲಿಕ್ಕೇ ಇಲ್ಲ! ಅಲ್ಲಿ ಒಂದೇ ಸ್ವರದಲ್ಲಿ ನಿಲ್ಲಬೇಕು, ಕಲ್ಲಿನ ಹಾಗೆ...

ಹೇಗೆ ಗೊತ್ತು ಅಂದರೆ? ಕಿವಿ ಇಲ್ಲವಾ ನನಗೆ? ನನ್ನ ಅಪ್ಪ ಮಂಗಳೂರಿನಲ್ಲಿ ಮೂವತ್ತು ವರ್ಷ ಚರ್ಚಿನ ಕೊಯರ್, ಹಾಡುವ ತಂಡ, ನಡೆಸಿದವರು. ಒಂದು ಹಾಡು ಯಾವ ಕಡೆ ಹೋಗುತ್ತದೆ ಅಂತ ನನಗೆ ಗೊತ್ತಾಗುವುದಿಲ್ಲವಾ? ದಾರಿ ನೋಡಿದರೆ ಮನೆ ಗೊತ್ತಾಗುವುದಿಲ್ಲವಾ? ಅಷ್ಟೇ. ಬೇರೆ ಎಂತ ಇಲ್ಲ.

ಹೌದು, ಅವನು ಕೇಳಿದ್ದ. ನನಗೆ ಮರೆವು ಇಲ್ಲ. ಎರಡು ತಿಂಗಳ ಹಿಂದೆ, ನೀನೇ ಫೋನು ಸ್ಪೀಕರಿನಲ್ಲಿ ಹಾಕಿ ನನ್ನ ಮುಂದೆ ಇಟ್ಟದ್ದು. ಆ ಪೆಟ್ಟಿಗೆಯ ಪುಸ್ತಕದ ಅಂಚಿನಲ್ಲಿ 'ಆಲ್ಟೊ ಮ್ಯಾಂಗಲೋರಿಗೆ ಹೋಗಿದೆ' ಅಂತ ಬರೆದಿದೆ, ನಿಮ್ಮ ಊರಲ್ಲವಾ, ಎಲ್ಲಾದರೂ ಕೇಳಿದ್ದೀರಾ ಅಂತ. ನಾನು ಇಲ್ಲ ಅಂದೆ. ನಮ್ಮಲ್ಲಿ ಅಂಥ ಹಾಡು ಇರಲಿಲ್ಲ ಅಂದೆ. ಮುಗಿಯಿತಲ್ಲ? ಮಂಗಳೂರಿನಲ್ಲಿ ಬಾಸೆಲಿನ ಮಿಶನ್ನಿನವರು ತಂದ ಹಾಡು ಒಂದಾ ಎರಡಾ! ಯಾವುದು ಅಂತ ನೆನಪಿಡುವುದು?

ಶನಿವಾರಾ? ಬರುವ ಶನಿವಾರ ರೆಕಾರ್ಡಿಂಗಾ? ಅಚ್ಚೂ ಹಾಕಿಸುತ್ತಾನಾ, ಪುಸ್ತಕ?... ಅವನ ಆಲ್ಟೊ ಸಮೇತ?... ಹಾಕಿಸಲಿ. ನನಗೆ ಎಂತ? ಇನ್ನು ಲೋಕವಿಡೀ ಆ ನೀರು ಮಜ್ಜಿಗೆಯನ್ನೇ ಕುಡಿಯಲಿ. ಒಮ್ಮೆ ಅಚ್ಚಾದರೆ ಮತ್ತೆ ಯಾರು ಬದಲಿಸುತ್ತಾರೆ? ಇದೇ ಅಸಲು ಅನ್ನುತ್ತಾರೆ. ಹಾಡಲಿ. ನಾನು ಅಷ್ಟು ದಿವಸ ಇರುವುದಿಲ್ಲ, ದೇವರು ದೊಡ್ಡವನು.

ಆ ಅರಸಿನದ ಡಬ್ಬಿ ತೆಗೆ. ಮೇಲಿನದ್ದು. ಮೆಣಸಿನ ಹುಡಿ ಅದರ ಪಕ್ಕದಲ್ಲಿ. ಇವತ್ತು ಹುರಿಯುವುದಿಲ್ಲ, ಹುಳಿ ಖಾರ ಹಾಕಿ ಪುಳಿಮುಂಚಿ ಮಾಡುವ. ಹುರಿದರೆ ಆ ಹೊಗೆಯ ಅಲಾರಂ ಹೊಡೆದುಕೊಳ್ಳುತ್ತದೆ, ಎದುರು ಮನೆಯ ಹೆಂಗಸು ಬಂದು ಬಾಗಿಲಲ್ಲಿ ಮೂಗು ಹಿಡಿದುಕೊಂಡು ನಿಲ್ಲುತ್ತಾಳೆ. ಅವಳಿಗೂ ಹೇಸಿಗೆ. ಎಲ್ಲರಿಗೂ ಒಂದೊಂದು ಹೇಸಿಗೆ. ಹ್ಞೂಂ... ಹ್ಞೂಂ ಹ್ಞೂಂ... ಹೂಂ ಹೂಂ ಹೂಂ...

ಎಂತ? ಯಾಕೆ ನಲ್ಲಿ ನಿಲ್ಲಿಸಿದೆ? ನೀರು ಬಿಡು, ಇನ್ನೂ ಎರಡು ಮೀನು ಉಂಟು.

ನಾನಾ? ನಾನು ಎಲ್ಲಿ ಹಾಡಿದೆ? ನಾನು ಅರವತ್ತು ವರ್ಷದಿಂದ ಹಾಡಿಲ್ಲ, ನಿನ್ನ ಅಪ್ಪನನ್ನೇ ಕೇಳು. ತೊಟ್ಟಿಲಿನಲ್ಲಿ ಕೂಡ ಅವನಿಗೆ ಹಾಡಿಲ್ಲ, ನಿನ್ನ ಅಜ್ಜನೇ ಜೋಗುಳ ಹೇಳುತ್ತಿದ್ದದ್ದು. ಸುಮ್ಮನೆ ಮೂಗಿನಲ್ಲಿ ಎಂತದೋ ಬಂತು. ಇವತ್ತು ಕೇಳಿದ್ದೇ ಬಂದಿರಬೇಕು.

ಇವತ್ತು ಕೇಳಿದ್ದಲ್ಲವಾ ಅದು?

...ಫೋನು ಆಚೆ ಇಡು. ಇಡು ಅಂದೆ! ಅಜ್ಜಿಯ ಮೂಗಿನ ಸದ್ದು ಹಿಡಿದಿಡುವುದು ಎಂತ ಬುದ್ಧಿ? ಇಟ್ಟೆಯಾ? ಸರಿ.

ಮಾತಾಡು. ಇಷ್ಟು ಹೊತ್ತು ಬಾಯಿ ಬಡಿದುಕೊಳ್ಳುತ್ತಿದ್ದೆಯಲ್ಲ, ಇಂಗ್ಲಿಷಿನಲ್ಲಾದರೂ ಮಾತಾಡು. ಹಾಗೆ ನೋಡಬೇಡ. ನಿನ್ನ ಕಣ್ಣು ನನ್ನ ಅಪ್ಪನ ಕಣ್ಣು. ಅವರೂ ಬೈಯುತ್ತಿರಲಿಲ್ಲ. ಹಾರ್ಮೋನಿಯಂ ಒತ್ತುವುದು ನಿಲ್ಲಿಸಿ ಸುಮ್ಮನೆ ನೋಡುತ್ತಿದ್ದರು, ಅಷ್ಟೇ.

ಆಯ್ತು. ಗೊತ್ತಿತ್ತು. ಗೊತ್ತಿತ್ತು, ಸಾಕಾ? ಆ ಹಾಡು ನಮ್ಮ ಚರ್ಚಿನ ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪ್ರತಿ ಶುಭ ಶುಕ್ರವಾರ ಹಾಡುತ್ತಿದ್ದೆವು, ಕನ್ನಡದಲ್ಲಿ. 'ಗವಿಯಲ್ಲಿ ಮಲಗಿದನು ಕರ್ತನು' ಅಂತ ಶುರು. ಯಾರ ಕಿವಿಗೂ ಬೀಳಲಿಲ್ಲವಂತೆ! ನಮ್ಮ ಹಂಚಿನ ಕಾರ್ಖಾನೆಯ ಹೆಂಗಸರ ಕಿವಿ ಕಿವಿ ಅಲ್ಲ ಅಂತ ಲೆಕ್ಕ. ಅದು ಕೇಳಿಯೇ ನನಗೆ ಮೈ ಉರಿದದ್ದು.

ಮತ್ತೆ ಯಾಕೆ ಇಲ್ಲ ಅಂದೆ ಅಂತ ನೋಡುತ್ತಿದ್ದೀ.

ಪುಸ್ತಕ ಇಲ್ಲವಲ್ಲ ಮಗಾ, ಅದಕ್ಕೆ. ಆಲ್ಟೊದ ಪುಸ್ತಕ ಗೆದ್ದಲು ತಿಂದಿತು. ನಿಜವಾಗಿಯೂ ತಿಂದಿತು. ಅಪ್ಪ ಕಪಾಟು ತೆರೆದಾಗ ಹೊದಿಕೆ ಮಾತ್ರ ಕೈಗೆ ಬಂತು, ಒಳಗೆ ಮಣ್ಣು. ಪುಸ್ತಕ ತೋರಿಸಲಿಕ್ಕೆ ಆಗದಿದ್ದರೆ ಆ ಪ್ರೊಫೆಸರ್ ನಂಬುತ್ತಾನಾ? ಮುದುಕಿ ಬಡಬಡಿಸುತ್ತಾಳೆ ಅನ್ನುತ್ತಾನೆ.

ಇನ್ನೂ ನೋಡುತ್ತೀಯಾ. ಈ ಮೀನಿಗೂ ರೆಪ್ಪೆ ಇಲ್ಲ, ನಿನಗೂ ಇಲ್ಲ.

ಪುಸ್ತಕ ಯಾರಿಗೆ ಬೇಕಿತ್ತು... ಪುಸ್ತಕ ನೋಡಿ ಆಲ್ಟೊ ಹಾಡಿದವರು ಯಾರೂ ಇರಲಿಲ್ಲ ನಮ್ಮಲ್ಲಿ. ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡವಳು ಒಬ್ಬಳು ಇದ್ದಳು. ದಾನವ್ವ. ನಮ್ಮ ಕಡೆಯವಳಲ್ಲ, ಗದಗದ ಹತ್ತಿರ ಬೆಟಗೇರಿಯವಳು, ನೇಕಾರರ ಮನೆಯ ಹೆಣ್ಣು. ಗಂಡನಿಗೆ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಬಂದವಳು. ಗಂಡ ಸತ್ತ. ಇವಳು ಹಸಿ ಹಂಚು ಹೊತ್ತು ಒಣಗಲಿಕ್ಕೆ ಇಡುವ ಕೆಲಸ ಹಿಡಿದಳು. ಆ ಮೊಳದುದ್ದ ಅಂಚಿನ ಇಳಕಲ್ ಸೀರೆ, ಮೊಣಕೈ ತನಕ ಕೆಂಪು ಮಣ್ಣು. ಅವಳ ಕನ್ನಡ ಕೇಳಿದರೆ ನಮಗೆಲ್ಲಾ ನಗು. ನಾವು ಬಾ ಅಂದರೆ ಅವಳು 'ಬರ್ರಿ' ಅನ್ನುವುದು, ನನ್ನನ್ನು 'ಯವ್ವಾ' ಅನ್ನುವುದು. ನನ್ನನ್ನು! ಹದಿನೇಳು ವರ್ಷದ ಹುಡುಗಿಯನ್ನು. ಓದಲಿಕ್ಕೆ ಒಂದಕ್ಷರ ಬರುವುದಿಲ್ಲ. ಆದರೆ ಬಾಯಿ ತೆರೆದರೆ... ಇವತ್ತು ನೀವು ಹದಿನಾಲ್ಕು ಜನ ಆಲ್ಟೊ ನಿಂತಿದ್ದಿರಲ್ಲ? ಆ ಹದಿನಾಲ್ಕನ್ನು ಅವಳ ಒಂದು ಉಸಿರಿನಲ್ಲಿ ಮುಳುಗಿಸಬಹುದಿತ್ತು. ಗಟ್ಟಿ ಅಲ್ಲ. ಕೆಳಗಿನದ್ದು. ಬಾವಿಯೊಳಗಿನಿಂದ ಬಂದ ಹಾಗೆ.

ನನಗೂ ಅವಳೇ ಕಲಿಸಿದ್ದು. ಅಪ್ಪ ಹೇಳಿದರು, ಹೋಗಿ ದಾನವ್ವನಿಂದ ಕಲಿ ಅಂತ. ಕಾರ್ಖಾನೆಯ ಶೆಡ್ಡಿನ ಹಿಂದೆ ಮಧ್ಯಾಹ್ನದ ಊಟದ ಹೊತ್ತಿಗೆ ಕೂತು ಕಲಿತದ್ದು. ಎಲ್ಲಾ ದನಿಗೂ ಕನ್ನಡ ಇತ್ತು, ಆಲ್ಟೊದಲ್ಲಿ ಮಾತ್ರ ಒಂದು ಕಡೆ ಜರ್ಮನ್ ಮಾತು ಹಾಗೇ ಉಳಿದಿತ್ತು. ಆ ಕಾಲದಲ್ಲಿ ಕನ್ನಡ ಮಾಡಿದ ಪಾದ್ರಿ ಅಯ್ಯನವರಿಗೆ ಅಲ್ಲಿ ಯಾವ ಮಾತೂ ಕೂರಲಿಲ್ಲವೋ ಏನೋ. 'ಸುಮ್ಮನಿರು' ಅಂತ ಹಾಕಿದರೆ ಮಗುವಿಗೆ ಗದರಿಸಿದ ಹಾಗಾಗುತ್ತದೆ. ಅದಕ್ಕೆ ಶ್ಟಿಲ್ಲೆ ಅಂತಲೇ ಬಿಟ್ಟಿದ್ದರು. ಮೌನ, ಶಾಂತ ಅಂತ ಅರ್ಥ ಅದಕ್ಕೆ.

ಹೌದು. ಶ್ಟಿಲ್ಲೆ. ಈಗ ಸರಿಯಾಗಿ ಬಂತು ನೋಡು ಬಾಯಿಗೆ. ಆಗಲೂ ಬರುತ್ತಿತ್ತು. ಮೀನು ಕೈಗೆತ್ತಿಕೊಳ್ಳುವಾಗ ತೊದಲಿದ್ದು ಸುಳ್ಳು.

ದಾನವ್ವನಿಗೆ ಕಲಿಸಿದ ಕಾರ್ಖಾನೆಯ ಹೆಂಗಸೋ ಅವಳಿಗೆ ಕಲಿಸಿದವಳೋ, ಮೊದಲು ಕೇಳಿ ಕಲಿತವರಿಗೆ ಶ್ಟಿಲ್ಲೆ ಕೇಳಿಸಲಿಲ್ಲ. ಶಿಲೆ ಅಂತ ಕೇಳಿಸಿತು. ಶಿಲೆ ಅಂದರೆ ಗೊತ್ತಲ್ಲ? ಕಲ್ಲು. ಅವರೆಲ್ಲಾ ಹಾಗೇ ಹಾಡಿಕೊಂಡು ಬಂದರು. ನಾನು ಒಮ್ಮೆ ಕೇಳಿದೆ, ಇದೆಂತ ದಾನವ್ವ, ಶಿಲೆ ಅಂದರೆ ಅಂತ. ಅವಳು ರೊಟ್ಟಿ ಮುರಿಯುತ್ತಾ ಹೇಳಿದಳು, 'ಗವಿ ಬಾಯಿಗಿ ಉಳ್ಳಿಸಿದ ಕಲ್ಲು ಯವ್ವಾ. ಎಲ್ಲಾರೂ ಒಳಗ ಮಲಗಿದಾಂವನ ಮ್ಯಾಲ ಹಾಡ್ತಾರ. ಹೊರಗ ಕಲ್ಲಿನ ಮುಂದ ಕುಂತ ಹೆಣ್ಮಕ್ಕಳ ಮ್ಯಾಲ ಯಾರು ಹಾಡಬೇಕು? ಅದಕ್ಕ ಈ ದನಿ. ಮ್ಯಾಲ ಹತ್ತಬ್ಯಾಡ. ಕಲ್ಲು ಮ್ಯಾಲ ಹತ್ತತೈತೇನು?'

ಈಗ ಗೊತ್ತಾಯಿತಾ, ಯಾಕೆ ಅಲ್ಲಿ ಹತ್ತಲಿಕ್ಕಿಲ್ಲ ಅಂದದ್ದು.

ಆಮೇಲೆ? ಆಮೇಲೆ ಎಂತ ಇಲ್ಲ. ಅವಳಾಗಿ ಹಾಡುವುದು ಬಿಟ್ಟಳು. ವಯಸ್ಸಾಯಿತು, ಮಣ್ಣಿನ ಧೂಳು, ಕೆಮ್ಮು... ಕೆಲವರು ಬಿಡುತ್ತಾರೆ.

...ಎಷ್ಟು ಹೊತ್ತು ಹೀಗೆ ಕಲ್ಲಿನ ಹಾಗೆ ನಿಲ್ಲುತ್ತೀ ನೀನು?

ಕೆಮ್ಮಲ್ಲ. ಅವಳಿಗೆ ಯಾವ ಕೆಮ್ಮೂ ಇರಲಿಲ್ಲ. ನಲವತ್ತು ವರ್ಷ, ಎತ್ತಿನ ಹಾಗಿದ್ದಳು.

ಆ ವರ್ಷ ಆಲ್ಟೊದ ಆ ಜಾಗ ಒಬ್ಬಳೇ ಹಾಡಬೇಕು ಅಂತ ಅಪ್ಪ ತೀರ್ಮಾನ ಮಾಡಿದರು. ನಾನು ಅಂದುಕೊಂಡೆ, ನನಗೇ. ಕೊಯರ್ ಮಾಸ್ತರರ ಮಗಳು, ಕಾಲೇಜಿಗೆ ಹೋಗುವವಳು, ನೋಟು ಓದಲಿಕ್ಕೆ ಬರುವವಳು. ಬಿಳಿ ಸೀರೆ ಕೂಡ ತಂದಾಗಿತ್ತು. ಅಪ್ಪ 'ದಾನವ್ವ ಹಾಡಲಿ' ಅಂದರು. ಅಷ್ಟೇ ಅಂದದ್ದು. ನನಗೆ ಆ ಕೆಂಪು ಮಣ್ಣಿನ ಕೈ ಕಂಡರೆ ಅಸಹ್ಯವಾಗಲಿಕ್ಕೆ ಶುರುವಾಯಿತು. ಅವಳ ಬೆವರು, ಅವಳ 'ಯವ್ವಾ'. ಅವಳು ಕೊಟ್ಟ ರೊಟ್ಟಿ ತಿಂದ ಬಾಯಿಯನ್ನು ಮನೆಗೆ ಹೋಗಿ ತೊಳೆದದ್ದುಂಟು ನಾನು.

ಶುಭ ಶುಕ್ರವಾರಕ್ಕೆ ಮುಂಚಿನ ಗರಿಗಳ ಭಾನುವಾರ, ಪ್ರಾಕ್ಟೀಸಿಗೆ ಬಾಸೆಲಿನಿಂದ ಒಬ್ಬರು ಮಿಶನ್ ಅಮ್ಮ ಬಂದು ಕೂತಿದ್ದರು. ಬೆಳ್ಳಗಿನ ಮುದುಕಿ, ಟೊಪ್ಪಿ ಇಟ್ಟುಕೊಂಡು. ದಾನವ್ವ ಹಾಡಿದಳು. ಆ ಅಮ್ಮನ ಕಣ್ಣಲ್ಲಿ ನೀರು ಬಂತು, ಆ ಮಾತು ಬಂದಾಗ ಮಾತ್ರ ಹುಬ್ಬು ಸ್ವಲ್ಪ ಮೇಲೆ ಹೋಯಿತು. ಅಷ್ಟು ಸಾಕಾಯಿತು ನನಗೆ. ಎದ್ದು ನಿಂತೆ. ಇಂಗ್ಲಿಷಿನಲ್ಲಿ ಹೇಳಿದೆ, ಒಳ್ಳೇ ಇಂಗ್ಲಿಷಿನಲ್ಲಿ. ಅಮ್ಮಾ, ದಯವಿಟ್ಟು ಕ್ಷಮಿಸಿ, ಈಕೆ ಹಂಚು ಹೊರುವವಳು, ಓದುಬರಹ ಇಲ್ಲ, ಶ್ಟಿಲ್ಲೆ ಅಂದರೆ ಕಲ್ಲು ಅಂದುಕೊಂಡಿದ್ದಾಳೆ ಅಂತ. ಎಲ್ಲರೂ ನಕ್ಕರು. ಟೆನರಿನ ಗಂಡಸರು ಬೆಂಚು ತಟ್ಟಿ ನಕ್ಕರು. ದಾನವ್ವನೂ ನಕ್ಕಳು, ತೃಪ್ತಿ. ಅವಳಿಗೆ ಇಂಗ್ಲಿಷು ಗೊತ್ತಿಲ್ಲವಲ್ಲ. ಎಲ್ಲರೂ ಖುಷಿಯಲ್ಲಿದ್ದಾರೆ ಅಂತ ಅವಳೂ ನಕ್ಕಳು. ಆಮೇಲೆ ನನ್ನನ್ನು ಕೇಳಿದಳು, 'ಏನಂದಿ ಯವ್ವಾ?'

ಅದನ್ನೂ ನಾನೇ ಹೇಳಿದೆ. ಕನ್ನಡದಲ್ಲಿ. ಸಾವಕಾಶ, ಒಂದೊಂದೇ ಮಾತು ಬಿಡಿಸಿ.

ಬೈಯಲಿಲ್ಲ ಅವಳು. ಮುಖ ಹಾಗೇ ಇತ್ತು. 'ಅಂದ್ರ... ಇಷ್ಟ್ ವರ್ಸ ದೇವರ ಮುಂದ ನಾ ತಪ್ಪು ಹೇಳಿದ್ನೇನು?' ಅಂತ ಕೇಳಿದಳು. ನನ್ನನ್ನೇ ಕೇಳಿದ್ದು. ಇಲ್ಲ ಅನ್ನಲಿಕ್ಕೆ ಒಂದು ಕ್ಷಣ ಸಾಕಿತ್ತು. ನಾನು ಹೌದು ಅಂದೆ.

ಶುಭ ಶುಕ್ರವಾರ ನಾನು ಹಾಡಿದೆ. ಶ್ಟಿಲ್ಲೆ, ಶ್ಟಿಲ್ಲೆ, ಚೊಕ್ಕವಾಗಿ. ಅವಳು ಮೂರನೇ ಬೆಂಚಿನಲ್ಲಿ ತುಟಿ ಒತ್ತಿಕೊಂಡು ಕೂತಿದ್ದಳು. ಮುಗಿದ ಮೇಲೆ ಅಪ್ಪ 'ಸ್ವರ ಸರಿ ಇತ್ತು' ಅಂದು ಪುಸ್ತಕ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮತ್ತೆ ಆ ಹಾಡು ಎತ್ತಲೇ ಇಲ್ಲ. ಗೆದ್ದಲು ಆಮೇಲೆ ಬಂದದ್ದು. ದಾನವ್ವ ಪ್ರತಿ ಭಾನುವಾರ ಬರುತ್ತಿದ್ದಳು, ಎಲ್ಲರೂ ಹಾಡುವಾಗ ಎದ್ದು ನಿಲ್ಲುತ್ತಿದ್ದಳು, ಬಾಯಿ ತೆರೆಯುತ್ತಿರಲಿಲ್ಲ. ನನ್ನ ಮದುವೆಯ ದಿನ ಕೂಡ. ನಾಲ್ಕು ವರ್ಷ ನೋಡಿದೆ ನಾನು ಆ ಮುಚ್ಚಿದ ಬಾಯಿಯನ್ನು. ಆಮೇಲೆ ಬೆಟಗೇರಿಗೆ ಹೋದಳಂತೆ.

ಲೋಕ ಕಡೆಗಣಿಸಿತಂತೆ! ಲೋಕಕ್ಕೆ ಎಂತ ಗೊತ್ತು? ಯಾರೂ ಕಡೆಗಣಿಸಿದ್ದಲ್ಲ ಅದನ್ನು. ನಾನು ಕೊಂದದ್ದು. ಇವತ್ತು ಆ ಬೆಂಚಿನಲ್ಲಿ ಕೂತು ನನಗೆ ಯಾರನ್ನು ಕಂಡು ಹೊಟ್ಟೆ ತೊಳಸಿತು ಅಂದುಕೊಂಡೆ? ಪಾಪ, ಆ ಜುಂಬ್ರುನನನ್ನು ಕಂಡಾ? ಅವನು ಇಲ್ಲದ್ದನ್ನು ತುಂಬಿಸಿದ. ನಾನು ಇದ್ದದ್ದನ್ನು...

ಅಳಬೇಡ. ಅಳುವುದಕ್ಕೆ ಅಲ್ಲ ಹೇಳಿದ್ದು. ಮುಟ್ಟಬೇಡ ನನ್ನನ್ನು, ಮೈಯೆಲ್ಲಾ ಮೀನು. ಮೀನು ಅಲ್ಲೇ ಇರಲಿ. ನಿನ್ನ ಚೀಲದಲ್ಲಿ ಆ ಆಲ್ಟೊದ ಹಾಳೆ ಉಂಟಲ್ಲ, ಶನಿವಾರಕ್ಕೆ ಹಾಡುವುದು, ಅದನ್ನು ತಾ. ಪೆನ್ನು ತಾ. ಅವನು ಹತ್ತಿಸಿದ್ದಾನಲ್ಲ ಮೇಲೆ, ಅಲ್ಲಿಂದ ಕೊನೆಯ ತನಕ ಗೀಟು ಹಾಕು. ಗಟ್ಟಿಯಾಗಿ ಹಾಕು, ಹೆದರಬೇಡ. ಈಗ ಕೇಳು, ನಾನು ಒಂದೇ ಸಲ ಹಾಡುತ್ತೇನೆ. ಸ್ವರ ನಡುಗಿದರೆ ನಗಬಾರದು. ಮೀ... ಮೀ... ಮೀ... ರೇ... ಮೀ... ಅಷ್ಟೇ. ಅಲ್ಲೇ ನಿಲ್ಲಬೇಕು. ಉಸಿರು ಮುಗಿಯುವ ತನಕ. ಹಾಂ.

ಕೆಳಗೆ ಮಾತು. ಇಂಗ್ಲಿಷಿನಲ್ಲಿ ಬೇಡ, ಜರ್ಮನ್ ಬೇಡವೇ ಬೇಡ. ಶನಿವಾರದ ಕನ್ನಡ ಕ್ಲಾಸಿಗೆ ಅಷ್ಟು ವರ್ಷ ಹೋಗಿದ್ದೆಯಲ್ಲ, ಎರಡಕ್ಷರ ಬರುವುದಿಲ್ಲವಾ? ಶಕ್ಕೆ ಗುಡಿಸು, ಶಿ. ಲಕ್ಕೆ ಏತ್ವ, ಲೆ. ತಪ್ಪು ಅಂತ ಪ್ರೊಫೆಸರ್ ಹೇಳಿದರೆ ತಪ್ಪಲ್ಲ ಅಂತ ಹೇಳು. ನಾನು ಹೇಳಬೇಕಾಗಿತ್ತು, ಹೇಳಲಿಲ್ಲ, ನೀನು ಹೇಳು.

ಮೇಲೆ, ಹಾಳೆಯ ತಲೆಯಲ್ಲಿ, ಅವನ ಹೆಸರು ಇರುವ ಕಡೆ, ಅವಳ ಹೆಸರು. ದಾ ದೀರ್ಘ. ನಕ್ಕೆ ಕೊಂಬಿಲ್ಲ. ವಕ್ಕೆ ಒತ್ತು...

ನಾನೇ ಬರೆಯಬೇಕಿತ್ತು. ಆದರೆ ಈ ಕೈ ನೋಡು. ನೀನೇ ಬರೆ, ಮಗಾ.